ಆಗತ್ತೆ ಸಾರ್

ಅಕ್ಕನ ಮಗಳು ಹೋದ ತಿಂಗಳು ಫೋನು ಮಾಡಿದ್ದಳು. ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದಾರೆ, ಕೀ ಕೈಗೆ ಬಂದಿದೆ. “ಮಾವ, ಇಂಟೀರಿಯರ್ ಮಾಡಿಸಬೇಕು. ನೀವು ಒಂದು ಸಲ ಪೆಟ್ಟು ತಿಂದವರು. ಡಿಸೈನರ್‌ನ ನೋಡಿದ ತಕ್ಷಣ ಇವನು ಸರಿಯಿಲ್ಲ ಅಂತ ಗೊತ್ತಾಗೋ ಹಾಗೆ ಏನಾದ್ರೂ ಲಕ್ಷಣ ಇದ್ರೆ ಬರೆದು ಕಳಿಸಿ. ಒಂದು ಹತ್ತು ಪಾಯಿಂಟು ಸಾಕು” ಅಂದಳು.

ಭಾನುವಾರ ಬೆಳಿಗ್ಗೆ ಕೂತು ಬರೆಯತೊಡಗಿದೆ. ಆರು ಪಾಯಿಂಟು ಸಲೀಸಾಗಿ ಬಂದವು. ಏಳನೆಯದಕ್ಕೆ ಪೆನ್ನು ನಿಂತಿತು. ಆ ಏಳನೆಯದರ ಸುತ್ತ ಮೂರು ವಾರದಿಂದ ಸುತ್ತುತ್ತಿದ್ದೇನೆ. ಅವಳಿಗೆ ಪಟ್ಟಿ ಇನ್ನೂ ಕಳಿಸಿಲ್ಲ.

ಮೊದಲಿನವು ಯಾರು ಬೇಕಾದರೂ ಹೇಳುವಂಥವು. ಕೊಟೇಶನ್‌ನಲ್ಲಿ ‘ಕಿಚನ್, ಇಷ್ಟು ಲಕ್ಷ’ ಎಂದು ಒಂದೇ ಸಾಲು ಇದ್ದರೆ ಒಪ್ಪಬೇಡ. ಯಾವ ಪ್ಲೈ, ಎಷ್ಟು ಮಿಲಿಮೀಟರ್ ದಪ್ಪ, ಹಿಂಜು ಯಾವ ಕಂಪನಿಯದು, ಡ್ರಾಯರಿನ ಚಾನೆಲ್ ಯಾವುದು, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊ. ಚದರಡಿ ರೇಟು ಅಂದರೆ ಎದುರಿನ ಅಳತೆ ಮಾತ್ರವೋ, ಒಳಗಿನ ಹಲಗೆಗಳೂ ಲೆಕ್ಕಕ್ಕೆ ಬರುತ್ತವೋ ಕೇಳು. ಸಾಮಾನು ಬಂದು ಬೀಳುವ ಮೊದಲೇ ಅರ್ಧಕ್ಕಿಂತ ಹೆಚ್ಚು ದುಡ್ಡು ಕೇಳಿದರೆ ಎದ್ದು ಬಾ. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಸಾಲದು, ಮೂರು ವರ್ಷದ ಹಿಂದೆ ಮಾಡಿದ ಒಂದು ಅಡುಗೆಮನೆ ತೋರಿಸಲಿ. ಹೊಸದರಲ್ಲಿ ಎಲ್ಲ ಬಾಗಿಲೂ ಸರಿಯಾಗಿಯೇ ಮುಚ್ಚುತ್ತವೆ.

ಇನ್ನು ಪ್ಲೈವುಡ್ಡಿನ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಂಬಿಕೆ ಎಂಬ ಪದಾರ್ಥಕ್ಕೂ ಪ್ಲೈವುಡ್ಡಿಗೂ ಬಹಳ ಹೋಲಿಕೆಯಿದೆ. ನೀರಿಗೆ ತಾಳುವ ಪ್ಲೈಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 710 ಎಂಬ ಮಾನದಂಡವಿದೆ. ಅಂಗಡಿಯಲ್ಲಿ ‘710 ಪ್ಲೈ’ ಎಂದರೆ ಸಾಕು. 72 ಗಂಟೆ ನೀರಿನಲ್ಲಿ ಕುದಿಸಿದರೂ ಅದರ ಪದರ ಬಿಡಬಾರದು. ಅದಕ್ಕಿಂತ ಕಡಿಮೆಯದು ಐಎಸ್ 303. ಹಾಳೆಯ ಮೇಲೆ ಮುದ್ರೆ ಇರುತ್ತದೆ. ಆದರೆ ಹಾಳೆಯನ್ನು ಕತ್ತರಿಸಿ, ಮೇಲೆ ಲ್ಯಾಮಿನೇಟ್ ಅಂಟಿಸಿ, ಅಂಚಿಗೆ ಪಟ್ಟಿ ಹೊಡೆದ ಮೇಲೆ ಆ ಮುದ್ರೆ ಯಾರಿಗೂ ಕಾಣುವುದಿಲ್ಲ. ಒಳಗಿನ ಪದರಗಳ ನಡುವೆ ಬೆರಳು ತೂರುವಷ್ಟು ಸಂದು ಇದ್ದರೂ ಗೊತ್ತಾಗುವುದಿಲ್ಲ. ನಾಲ್ಕನೆಯ ಮಳೆಗಾಲದಲ್ಲಿ ಸಿಂಕಿನ ಕೆಳಗಿನ ಹಲಗೆ ಉಬ್ಬಿದಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಮಾಡಿದವನ ಫೋನ್ ನಂಬರು ಬದಲಾಗಿರುತ್ತದೆ.

ಹಿಂದೆ ಹೀಗಿರಲಿಲ್ಲ ಅನ್ನುವುದು ವಯಸ್ಸಾದವರ ಚಟ. ಆದರೂ ಒಂದು ಮಾತು. ನಮ್ಮ ಅಜ್ಜನ ಮನೆಗೆ ಆಚಾರಿ ಬರುತ್ತಿದ್ದ. ಹಲಸಿನ ದಿಮ್ಮಿ ಅಂಗಳದಲ್ಲೇ ಬಿದ್ದಿರುತ್ತಿತ್ತು, ಕೊಯ್ಯುವುದು, ಕೀಸುವುದು, ಗೂಟ ಹೊಡೆಯುವುದು ಎಲ್ಲ ಎಲ್ಲರ ಕಣ್ಣೆದುರಿಗೆ. ಮರದಲ್ಲಿ ಗಂಟಿದ್ದರೆ ಅಜ್ಜಿಗೂ ಕಾಣುತ್ತಿತ್ತು. ಆಚಾರಿ ಸುಳ್ಳು ಹೇಳುತ್ತಿರಲಿಲ್ಲವೆಂದಲ್ಲ. ‘ನಾಳೆ ಬರ್ತೇನೆ’ ಎಂದು ಅವನಷ್ಟು ಸಲ ಹೇಳಿದವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಅವನ ಸುಳ್ಳೂ ಅಂಗಳದಲ್ಲೇ ಇರುತ್ತಿತ್ತು. ಇದನ್ನು ಸತ್ಯಕಾಲ ಎಂದು ಹಾಡಿಹೊಗಳಲು ನನಗೆ ಮನಸ್ಸಿಲ್ಲ. ಅವನು ಊರು ಬಿಟ್ಟು ಹೋಗಲಾಗದವನು. ಕೂಲಿ ಎಷ್ಟು ಎಂದು ಹೇಳುತ್ತಿದ್ದವರು ನಾವು. ಅವನ ಮೇಲೆ ನಾವಿಟ್ಟಿದ್ದು ನಂಬಿಕೆಯೋ, ಅವನ ಜುಟ್ಟು ನಮ್ಮ ಕೈಯಲ್ಲಿದೆ ಎಂಬ ಧೈರ್ಯವೋ? ಈ ಪ್ರಶ್ನೆ ಮುಂದೆ ನನ್ನ ಮನೆಯಲ್ಲೇ ಬೇರೆ ರೂಪದಲ್ಲಿ ಬಂತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಕಟ್ಟಿದ ಮನೆಯ ಒಳಗನ್ನು ಇನ್ನೊಬ್ಬರ ಕೈಗೆ ಕೊಟ್ಟು ನೋಡು ಎಂಬುದು ಗಾದೆಯಲ್ಲಿಲ್ಲ. ಅದು ಹೊಸ ಕಾಲದ ಕಷ್ಟ. ವಕೀಲನಾಗಲು ಸನ್ನದು ಬೇಕು, ವೈದ್ಯನಾಗಲು ನೋಂದಣಿ ಬೇಕು. 1972ರ ಆರ್ಕಿಟೆಕ್ಟ್ಸ್ ಕಾಯಿದೆಯ ಪ್ರಕಾರ ನೋಂದಾಯಿಸಿಕೊಳ್ಳದವರು ತಮ್ಮನ್ನು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವಂತಿಲ್ಲ. ‘ಇಂಟೀರಿಯರ್ ಡಿಸೈನರ್’ ಎಂಬ ಹೆಸರಿಗೆ ಅಂಥ ಬೇಲಿ ಇಲ್ಲ. ಐದು ವರ್ಷ ಕಾಲೇಜಿನಲ್ಲಿ ಓದಿದವರೂ, ನಿನ್ನೆಯವರೆಗೆ ಪರದೆ ಬಟ್ಟೆ ಮಾರುತ್ತಿದ್ದವರೂ ಒಂದೇ ಬಗೆಯ ವಿಸಿಟಿಂಗ್ ಕಾರ್ಡು ಹಾಕಿಸಬಹುದು. ಓದಿದವರೆಲ್ಲ ಪ್ರಾಮಾಣಿಕರು, ಬಟ್ಟೆ ಮಾರಿದವರು ಮೋಸಗಾರರು ಎಂದು ಇದರ ಅರ್ಥವಲ್ಲ. ತೂಗಿ ನೋಡುವ ಕೆಲಸ ಪೂರ್ತಿ ನಮ್ಮ ಮೇಲೆಯೇ ಬೀಳುತ್ತದೆ ಎಂದಷ್ಟೇ. ತೂಗುವುದಕ್ಕೆ ನಮ್ಮ ಹತ್ತಿರ ಇರುವುದು ಲಕ್ಷಣಗಳು ಮಾತ್ರ.

ಲಕ್ಷಣ ಎಂಬ ಮಾತು ಕನ್ನಡದಲ್ಲಿ ವಿಚಿತ್ರವಾದದ್ದು. ಜ್ವರಕ್ಕೂ ಲಕ್ಷಣ ಎನ್ನುತ್ತೇವೆ, ನೋಡಲು ಚೆನ್ನಾಗಿದ್ದರೂ ಲಕ್ಷಣವಾಗಿದೆ ಎನ್ನುತ್ತೇವೆ. ನನ್ನ ವಿಷಯದಲ್ಲಿ ಎರಡೂ ಒಂದೇ ಮುಖದಲ್ಲಿ ಬಂದವು.

2018ರಲ್ಲಿ ಉತ್ತರಹಳ್ಳಿ ಕಡೆ ನಾವು ಎರಡು ಕೋಣೆಯ ಮನೆ ಕೊಂಡಾಗ ಬಂದವನು ಚುರುಕಾದ ಹುಡುಗ. ಹೆಸರು ಬೇಡ. ನಾವು ಏನು ಕೇಳಿದರೂ ಅವನ ಬಾಯಲ್ಲಿ ಒಂದೇ ಮಾತು, “ಆಗತ್ತೆ ಸಾರ್.” ಅಡುಗೆಮನೆ ಕಿರಿದು, ಅಲ್ಲೇ ಪಾತ್ರೆ ತೊಳೆಯುವ ಮಷಿನ್ ಕೂರುತ್ತಾ? ಆಗತ್ತೆ. ದೀಪಾವಳಿಗೆ ಗೃಹಪ್ರವೇಶ ಆಗಬೇಕು. ಆಗತ್ತೆ. ಬಜೆಟ್ಟು ಇಷ್ಟೇ. ಆಗತ್ತೆ, ಅಡ್ಜಸ್ಟ್ ಮಾಡೋಣ. ಅವನು ಹೋದ ಮೇಲೆ ಹೆಂಡತಿ, “ಯಾವುದಕ್ಕೂ ಆಗಲ್ಲ ಅನ್ನಲಿಲ್ಲವಲ್ಲ ಈತ” ಅಂದಳು. ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ. ಆರು ತಿಂಗಳ ನಂತರ ಕೇಳಿದಾಗ ಅವಳು ಹೇಳಿದ್ದು, ಅದು ಭಯದ ಮಾತಾಗಿತ್ತು.

ಈಗ ಅನ್ನಿಸುವುದು: ಕೆಲಸ ಬಲ್ಲವನು ‘ಆಗಲ್ಲ’ ಅನ್ನಲೇಬೇಕು. ಎಂಟಡಿ ಗೋಡೆಯಲ್ಲಿ ಹತ್ತಡಿ ಆಸೆ ಹಿಡಿಸುವುದಿಲ್ಲ. ಗ್ಯಾಸ್ ಒಲೆಯ ಪಕ್ಕಕ್ಕೆ ಫ್ರಿಜ್ ಬೇಡ ಅನ್ನುವವನಿಗೆ ನಮ್ಮ ಮುಖ ಸಣ್ಣದಾಗುವುದು ಗೊತ್ತಿರುತ್ತದೆ, ಗೊತ್ತಿದ್ದೂ ಹೇಳುತ್ತಾನೆ. ಎಲ್ಲದಕ್ಕೂ ಹೂಂಗುಟ್ಟುವವನು ನಮ್ಮ ಮನೆಯನ್ನು ನೋಡುತ್ತಿರುವುದಿಲ್ಲ, ನಮ್ಮ ಮುಖ ನೋಡುತ್ತಿರುತ್ತಾನೆ. ನಮಗೂ ಅದೇ ಇಷ್ಟ. ಮಕ್ಕಳು, ಹೆಂಡತಿ, ಆಫೀಸಿನ ಸಾಹೇಬರು ಎಲ್ಲರೂ ದಿನವಿಡೀ ‘ಆಗಲ್ಲ’ ಅನ್ನುವಾಗ ಒಬ್ಬನಾದರೂ ‘ಆಗತ್ತೆ ಸಾರ್’ ಅಂದರೆ ಎಷ್ಟು ಹಿತ!

ಒಂದು ವಾರದಲ್ಲಿ ಅವನು ಕಂಪ್ಯೂಟರಿನಲ್ಲಿ ಮನೆಯ ತ್ರೀಡಿ ಚಿತ್ರ ತೋರಿಸಿದ. ಊಟದ ಮೇಜಿನ ಮೇಲೆ ಹಸಿರು ಸೇಬು. ಕಿಟಕಿಯಾಚೆ ನೀಲಿ ಆಕಾಶ, ದೂರದಲ್ಲಿ ಗುಡ್ಡ. ನಮ್ಮ ಕಿಟಕಿಯಾಚೆ ಇರುವುದು ಪಕ್ಕದ ಬ್ಲಾಕಿನವರು ಬಟ್ಟೆ ಒಣಹಾಕುವ ಬಾಲ್ಕನಿ. ಚಿತ್ರದ ಅಡುಗೆಮನೆಯಲ್ಲಿ ಕುಕ್ಕರ್ ಇರಲಿಲ್ಲ, ಮಿಕ್ಸಿ ಇರಲಿಲ್ಲ, ಒಗ್ಗರಣೆ ಹಾಕಿದ ಗುರುತು ಎಲ್ಲಿಯೂ ಇರಲಿಲ್ಲ. ಆಗ ಅಮ್ಮ ನಮ್ಮ ಜೊತೆಗಿದ್ದಳು. ಎಂಬತ್ತೊಂದು ವರ್ಷ, ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ, ಆದರೂ ತರಕಾರಿ ತಾನೇ ಹೆಚ್ಚಬೇಕು, ಅದೂ ನೆಲದಲ್ಲಿ ಈಳಿಗೆಮಣೆಯ ಮೇಲೆ ಕೂತು. “ಇದನ್ನ ಎಲ್ಲಿಡೋದಪ್ಪ?” ಎಂದು ಅವನನ್ನು ಕೇಳಿದಳು. ಅವನು ನಗುತ್ತ, “ಅಜ್ಜಿ, ಅದೆಲ್ಲ ಕಾಣದ ಹಾಗೆ ಮಾಡಿಬಿಡೋಣ” ಅಂದ. ನಾವೂ ನಕ್ಕೆವು. ನಾನೂ ನಕ್ಕೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ 1900ರಲ್ಲಿ ಒಬ್ಬ ‘ಬಡ ಶ್ರೀಮಂತ’ನ ಕಥೆ ಬರೆದಿದ್ದಾನೆ. ಶ್ರೀಮಂತನಿಗೆ ಮನೆಯಲ್ಲಿ ಕಲೆ ಬೇಕೆನಿಸುತ್ತದೆ. ಹೆಸರುವಾಸಿ ವಾಸ್ತುಶಿಲ್ಪಿಯನ್ನು ಕರೆಸುತ್ತಾನೆ. ಅವನು ಎಲ್ಲವನ್ನೂ ತಾನೇ ರೂಪಿಸುತ್ತಾನೆ, ಕಾಲಿಗೆ ಹಾಕುವ ಚಪ್ಪಲಿಯವರೆಗೆ. ಮುಂದೊಂದು ದಿನ ಅದೇ ಚಪ್ಪಲಿ ಹಾಕಿಕೊಂಡು ಮನೆಯೊಡೆಯ ಎದುರಾದಾಗ ವಾಸ್ತುಶಿಲ್ಪಿ ಸಿಡುಕುತ್ತಾನೆ: ಅದು ಮಲಗುವ ಕೋಣೆಗೆಂದು ಮಾಡಿದ್ದು, ಈ ಕೋಣೆಯಲ್ಲಿ ಹಾಕುವಂತಿಲ್ಲ. ಹುಟ್ಟುಹಬ್ಬಕ್ಕೆ ಹೆಂಡತಿ ಮಕ್ಕಳು ಕೊಟ್ಟ ಉಡುಗೊರೆಗಳಿಗೂ ಆ ಮನೆಯಲ್ಲಿ ಜಾಗವಿಲ್ಲ. ಓದುವಾಗ ನಗು ಬರುತ್ತದೆ. ಆದರೆ ಲೋಸ್‌ನ ವಾಸ್ತುಶಿಲ್ಪಿ ಕಳ್ಳನಲ್ಲ. ಒಂದು ಪೈಸೆ ತಿಂದವನಲ್ಲ, ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಮಾಡಿದವನು. ಆದರೂ ಆ ಶ್ರೀಮಂತನಿಂದ ಏನನ್ನೋ ಕಿತ್ತುಕೊಂಡ. ದುಡ್ಡಿನ ಮೋಸದ ಲಕ್ಷಣಗಳನ್ನೇ ಪಟ್ಟಿ ಮಾಡುತ್ತ ಹೋದರೆ ಈ ಇನ್ನೊಂದು ಕಳವು ಪಟ್ಟಿಯಿಂದ ಜಾರಿಹೋಗುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಆರನೆಯದು: ಮೊದಲ ಭೇಟಿಯಲ್ಲಿ ಅವನು ಎಷ್ಟು ಹೇಳಿದ, ಎಷ್ಟು ಕೇಳಿದ ನೋಡು. ಮನೆಯಲ್ಲಿ ಯಾರಿದ್ದಾರೆ, ಯಾರು ಬೇಗ ಏಳುತ್ತಾರೆ, ಯಾರ ಮಂಡಿ ನೋಯುತ್ತದೆ ಎಂದು ಕೇಳದವನು ನಿನ್ನ ಮನೆಗಲ್ಲ, ಫೋಟೋಕ್ಕೆ ಕೆಲಸ ಮಾಡುತ್ತಾನೆ.

ಐದನೆಯದನ್ನು ಬಿಟ್ಟು ಆರಕ್ಕೆ ಹಾರಿದೆ. ಐದು, ಬಿಲ್ಲಿನದು.

ಒಟ್ಟು ಅಂದಾಜು 7,40,000 ರೂಪಾಯಿ ಆಯಿತು. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 1,33,200. ನನ್ನ ಹುಬ್ಬು ಗಂಟಿಕ್ಕಿದ್ದು ನೋಡಿ ಅವನು ದನಿ ತಗ್ಗಿಸಿದ. “ಸಾರ್, ನಿಮ್ಮಂಥವರಿಗೆ ಹೇಳ್ತೀನಿ, ಬಿಲ್ ಬೇಡ ಅಂದ್ರೆ ಅದು ಉಳಿಯತ್ತೆ. ಅರ್ಧ ಕ್ಯಾಶ್ ಕೊಟ್ಬಿಡಿ.” ನಿಮ್ಮಂಥವರಿಗೆ! ನನಗಾಗಿ ಅವನು ನಿಯಮ ಮುರಿಯುತ್ತಿದ್ದಾನೆ, ನಾವಿಬ್ಬರೂ ಈಗ ಒಂದು ಕಡೆ, ಸರ್ಕಾರ ಇನ್ನೊಂದು ಕಡೆ. ಆ ಕ್ಷಣ ಅವನು ನನಗೆ ಮನೆಯವನಂತೆ ಕಂಡ. ಇಷ್ಟು ವರ್ಷ ತೆರಿಗೆ ತಪ್ಪಿಸುವ ದೊಡ್ಡವರನ್ನು ಬೈಯುತ್ತ ಪತ್ರಿಕೆ ಓದಿದವನು ನಾನು.

ಅಪಾಯದ ಸೂಚನೆಗಳು ಎಲ್ಲೋ ಅಡಗಿಕೊಂಡಿರುತ್ತವೆ, ಜಾಣರು ಅವನ್ನು ಪತ್ತೆ ಹಚ್ಚುತ್ತಾರೆ ಎಂಬುದು ಪೊಳ್ಳು. ಅವು ಎದುರಿಗೇ ಇರುತ್ತವೆ, ನಮಗೆ ಮಾಡಿದ ಉಪಕಾರದ ವೇಷದಲ್ಲಿರುತ್ತವೆ. ನನಗೆ ಲಾಭ ಮಾಡಿಕೊಡಲು ಮೂರನೆಯವನಿಗೆ ಟೋಪಿ ಹಾಕುವವನು ನಾಳೆ ನನಗೂ ಹಾಕಬಲ್ಲ ಎಂಬುದು ಮಕ್ಕಳಿಗೂ ತಿಳಿಯುವ ಲೆಕ್ಕ. ನನಗೆ ತಿಳಿಯದೆ ಇರಲಿಲ್ಲ. ತಿಳಿಯದಿರುವುದಕ್ಕೆ ನನಗೆ ಒಂದು ಲಕ್ಷದ ಮೂವತ್ಮೂರು ಸಾವಿರದ ಕಾರಣವಿತ್ತು.

ಡಿಸೈನರುಗಳ ಕಮಿಷನ್ನಿನ ವಿಷಯದಲ್ಲೂ ಇಂಥದೇ ಒಂದು ತೊಡಕಿದೆ. ಪ್ಲೈ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಟೈಲ್ಸ್ ಅಂಗಡಿಯವರು ಗಿರಾಕಿಯನ್ನು ಕರೆತಂದವರಿಗೆ ಕಮಿಷನ್ ಕೊಡುವುದುಂಟು. ಬೆಂಗಳೂರಿನಲ್ಲಿ ಇದು ಯಾರಿಗೂ ಗುಟ್ಟಲ್ಲ, ಕೊಡುವವನೊಬ್ಬನಿಗೆ ಬಿಟ್ಟು. ನಮ್ಮ ಕಾನೂನು ಇದನ್ನು ಹಗುರಾಗಿ ಕಂಡಿಲ್ಲ. 1872ರ ಒಪ್ಪಂದ ಕಾಯಿದೆಯ 216ನೆಯ ಕಲಮಿನ ಪ್ರಕಾರ, ನನ್ನ ಪರವಾಗಿ ವ್ಯವಹರಿಸುವ ಏಜೆಂಟು ನನಗೆ ತಿಳಿಸದೆ ಅದೇ ವ್ಯವಹಾರದಲ್ಲಿ ತನ್ನ ಸ್ವಂತಕ್ಕೆ ಮಾಡಿಕೊಂಡ ಲಾಭವನ್ನು ನಾನು ಕೇಳಿ ಪಡೆಯಬಹುದು. ಆ ಕಲಮಿಗೆ ಕಾಯಿದೆಯೇ ಕೊಟ್ಟಿರುವ ಉದಾಹರಣೆಯೂ ಮನೆಯದೇ: ಒಂದು ಮನೆ ಕೊಂಡುಕೊಡು ಎಂದು ಕಳಿಸಿದರೆ ಏಜೆಂಟು ‘ಅದು ಸಿಗುವುದಿಲ್ಲ’ ಎಂದು ಹೇಳಿ ತಾನೇ ಕೊಂಡುಕೊಳ್ಳುತ್ತಾನೆ. ಕಳಿಸಿದವನಿಗೆ ಗೊತ್ತಾದರೆ ಕೊಂಡ ಬೆಲೆಗೇ ತನಗೆ ಮಾರುವಂತೆ ಒತ್ತಾಯಿಸಬಹುದು. ನೂರೈವತ್ತು ವರ್ಷದ ಹಿಂದೆ ಕಾಯಿದೆ ಬರೆದವರಿಗೂ ‘ಸಿಗಲ್ಲ ಸಾರ್’ ಅನ್ನುವವರ ಪರಿಚಯವಿತ್ತು.

ಕಾನೂನಿಗಿಂತ ಸೂಕ್ಷ್ಮವಾದ ಒಂದು ಪರೀಕ್ಷೆಯನ್ನು ತತ್ತ್ವಶಾಸ್ತ್ರಜ್ಞೆ ಅನೆಟ್ ಬಾಯರ್ 1986ರ ಒಂದು ಪ್ರಬಂಧದಲ್ಲಿ ಹೇಳಿದ್ದಾರೆ. ಮೊದಲು ಆಕೆ ನೆಚ್ಚುವುದನ್ನೂ ನಂಬುವುದನ್ನೂ ಬೇರೆ ಮಾಡುತ್ತಾರೆ. ಕಾಂಟ್ ವಾಕಿಂಗ್ ಹೊರಡುವುದನ್ನು ನೋಡಿ ನೆರೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಎನ್ನುತ್ತಾರಲ್ಲ, ಒಂದು ದಿನ ಆತ ಮಲಗಿಬಿಟ್ಟರೆ ನೆರೆಯವರಿಗೆ ನಿರಾಸೆಯಾಗಬಹುದು, ಆದರೆ ‘ನಮಗೆ ದ್ರೋಹ ಮಾಡಿದ’ ಎಂದು ಅವರು ಹೇಳಲಾರರು. ದ್ರೋಹ ಎಂಬ ಮಾತು ಬರುವುದು ನಂಬಿದಾಗ ಮಾತ್ರ. ಹಾಗಾದರೆ ಎಂಥ ನಂಬಿಕೆ ನೈತಿಕವಾಗಿ ಗಟ್ಟಿ? ಬಾಯರ್ ಹೇಳುವುದರ ಸಾರ ಇಷ್ಟು: ಸಂಬಂಧದಲ್ಲಿ ಒಬ್ಬರು ಇನ್ನೊಬ್ಬರ ಯಾವ ಗುಣವನ್ನು ಆಧರಿಸಿ ನಿಂತಿದ್ದಾರೆ ಎಂಬುದು ಬಯಲಾದರೆ ಆ ಸಂಬಂಧ ಉಳಿಯುತ್ತದೆಯೇ, ಬೀಳುತ್ತದೆಯೇ? ಬಯಲಾದರೆ ಬೀಳುವಂಥದ್ದು ಆಗಲೇ ಕೊಳೆತಿದೆ. ಡಿಸೈನರು ನನ್ನ ಅಜ್ಞಾನವನ್ನು ನೆಚ್ಚಿಕೊಂಡಿದ್ದ, ಪ್ಲೈ ಪ್ಲೈಗಿರುವ ವ್ಯತ್ಯಾಸ ಇವರಿಗೆ ತಿಳಿಯದು ಎಂಬುದನ್ನು. ಅದು ನನಗೆ ಗೊತ್ತಾದ ದಿನ ಎಲ್ಲ ಬೀಳುವುದಿತ್ತು. ಸರಿ. ಆದರೆ ಈ ಪರೀಕ್ಷೆಗೆ ಎರಡು ಬಾಯಿ. ನಾನು ಅವನ ಯಾವ ಗುಣವನ್ನು ನೆಚ್ಚಿಕೊಂಡಿದ್ದೆ? ಅವನು ಬಿಲ್ಲಿಲ್ಲದೆ ಕೆಲಸ ಮಾಡುವವನು ಎಂಬುದನ್ನು. ಮಾರುಕಟ್ಟೆಗಿಂತ ಅಗ್ಗಕ್ಕೆ ಕೊಡುತ್ತಾನೆ, ಹೇಗೆ ಅಗ್ಗ ಎಂದು ನಾನು ಕೇಳಬೇಕಿಲ್ಲ ಎಂಬುದನ್ನು. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಧೈರ್ಯ ನನಗೂ ಇರಲಿಲ್ಲ.

ಪರಿಚಯದ ಒಬ್ಬ ಡಿಸೈನರ್ ಇದ್ದಾರೆ, ಹೆಂಗಸು, ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದಾರೆ. ನನ್ನ ಕಥೆ ಕೇಳಿ ಮರುಕಪಡುತ್ತಾರೆ ಅಂದುಕೊಂಡಿದ್ದೆ. “ನೀವು ಎಷ್ಟು ಜನರ ಹತ್ತಿರ ಪುಕ್ಕಟೆ ಡ್ರಾಯಿಂಗ್ ಮಾಡಿಸಿಕೊಂಡ್ರಿ?” ಎಂದು ಕೇಳಿದರು. ಮೂವರ ಹತ್ತಿರ. ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸಿ ‘ಇದನ್ನೇ ಕಡಿಮೆಗೆ ಮಾಡ್ತೀರಾ’ ಎಂದಿದ್ದೂ ಉಂಟು. ಅವರು ನಕ್ಕರು. “ಡ್ರಾಯಿಂಗ್‌ಗೆ ಅರವತ್ತು ಸಾವಿರ ಫೀಸು ಅಂದ್ರೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋಗ್ತಾರೆ. ಅದನ್ನೇ ಚದರಡಿಗೆ ನೂರು ರೂಪಾಯಿ ಅಂತ ಒಳಗೆ ಸೇರಿಸಿದ್ರೆ ಯಾರೂ ಕೇಳಲ್ಲ. ಯೋಚನೆಗೆ ನೀವು ದುಡ್ಡು ಕೊಡಲ್ಲ, ಪ್ಲೈವುಡ್ಡಿಗೆ ಕೊಡ್ತೀರಿ. ಹಾಗಾಗಿ ಯೋಚನೆಯ ರೇಟನ್ನ ಪ್ಲೈವುಡ್ಡಲ್ಲಿ ಬಚ್ಚಿಡ್ತಾರೆ.” ಇದು ಎಲ್ಲರ ಕಳ್ಳತನಕ್ಕೆ ಸಮರ್ಥನೆಯಾಗುವುದಿಲ್ಲ. ಅವರೇ ಹಾಗೆ ಬಚ್ಚಿಡುವುದಿಲ್ಲ, ಫೀಸು ಎಷ್ಟೆಂದು ಮೊದಲೇ ಹೇಳುತ್ತಾರೆ, ಅದಕ್ಕೇ ವರ್ಷಕ್ಕೆ ನಾಲ್ಕೇ ಮನೆ ಸಿಗುತ್ತವೆ. ಆದರೆ ಅವರ ಮಾತು ಸುಳ್ಳು ಎನ್ನಲು ನನ್ನಿಂದಾಗಲಿಲ್ಲ. ಡಿಸೈನರುಗಳೂ ಗಿರಾಕಿಗಳ ಲಕ್ಷಣಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತಾರಲ್ಲವೇ? ಅದರಲ್ಲಿ ನನ್ನಂಥವನು ಎಷ್ಟನೆಯ ಪಾಯಿಂಟೋ!

ದಸರಾ ಹೊತ್ತಿಗೆ 5,90,000 ಕೊಟ್ಟಾಗಿತ್ತು, ಅರ್ಧಕ್ಕಿಂತ ಹೆಚ್ಚು ನಗದು. ಹುಡುಗ ಮೊದಲು ಎರಡು ಸಲ ಕರೆದರೆ ಒಂದು ಸಲ ಫೋನ್ ಎತ್ತುತ್ತಿದ್ದ, ಆಮೇಲೆ ಎತ್ತುವುದನ್ನೇ ಬಿಟ್ಟ. ಆಫೀಸು ಎಂದು ತೋರಿಸಿದ್ದ ಜಾಗಕ್ಕೆ ಬೀಗ. ನಮ್ಮ ಅಡ್ವಾನ್ಸಿನಲ್ಲಿ ಹಿಂದಿನ ಯಾರದೋ ಮನೆ ಮುಗಿಸಿದ್ದ, ನಮ್ಮದನ್ನು ಮುಗಿಸಲು ಮುಂದಿನ ಯಾರದೋ ಅಡ್ವಾನ್ಸು ಬೇಕಿತ್ತು, ಅದು ಸಿಕ್ಕಿರಲಿಲ್ಲ. ಗ್ರಾಹಕರ ವೇದಿಕೆಗೆ ಹೋಗಿ ಎಂದು ಎಲ್ಲರೂ ಹೇಳಿದರು. ಹೋಗಿ ಏನು ತೋರಿಸಲಿ? ಬಿಲ್ಲು ಬೇಡ ಎಂದವನು ನಾನೇ.

ಇಲ್ಲಿಯವರೆಗಿನದು ನನ್ನನ್ನು ಕಂಡವರಿಗೆಲ್ಲ ಗೊತ್ತಿರುವ ಕಥೆ. ಹತ್ತು ಮದುವೆಮನೆಗಳಲ್ಲಿ ಹೇಳಿ ಅನುಕಂಪ ಗಳಿಸಿದ್ದೇನೆ. ಏಳನೆಯ ಪಾಯಿಂಟಿಗೆ ಪೆನ್ನು ನಿಂತದ್ದು ಇದರ ಮುಂದಿನದಕ್ಕೆ.

ಡಿಸೈನರು ಕೆಲಸಕ್ಕಿಟ್ಟಿದ್ದ ಬಡಗಿ ಜೋಧಪುರದ ಕಡೆಯವನು. ಜೊತೆಗೆ ಮೂರು ಹುಡುಗರು. ಅಪಾರ್ಟ್‌ಮೆಂಟುಗಳಲ್ಲಿ ನಡೆಯುವ ಹಾಗೆ ಅವರು ನಮ್ಮ ಖಾಲಿ ಫ್ಲ್ಯಾಟಿನಲ್ಲೇ ಮಲಗುತ್ತಿದ್ದರು, ಬಾಲ್ಕನಿಯಲ್ಲಿ ರೊಟ್ಟಿ ಬೇಯಿಸಿಕೊಳ್ಳುತ್ತಿದ್ದರು. ಒಂದು ಸಂಜೆ ಅಮ್ಮನನ್ನು ಕರೆದುಕೊಂಡು ಕೆಲಸ ನೋಡಲು ಹೋಗಿದ್ದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕೂತು, ಹೀಗೆ ಕೂತರೆ ಬೆನ್ನಿಗೆ ಗೋಡೆ ಸಿಗುತ್ತದೆಯೋ ಎಂದು ನೋಡುತ್ತಿದ್ದಳು. ಬಡಗಿ ಸುಮ್ಮನೆ ನೋಡಿದ. ಅಮ್ಮನಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ಮುಂದಿನ ವಾರ ಸಿಂಕಿನ ಪಕ್ಕ, ನೆಲದಿಂದ ಒಂದಡಿ ಎತ್ತರದಲ್ಲಿ ಈಳಿಗೆಮಣೆ ಸರಿಯಾಗಿ ತೂರುವಷ್ಟು ಒಂದು ಗೂಡಿತ್ತು. ಉಳಿದ ಪ್ಲೈ ತುಂಡುಗಳಲ್ಲಿ ಮಾಡಿದ್ದು. ಡ್ರಾಯಿಂಗಿನಲ್ಲಿ ಇಲ್ಲದ್ದು, ಕೊಟೇಶನ್ನಿನಲ್ಲಿ ಇಲ್ಲದ್ದು.

ಡಿಸೈನರು ಮಾಯವಾದ ವಾರ ಬಡಗಿ ನನ್ನ ಹತ್ತಿರ ಬಂದ. “ಸರ್, ನಮ್ದು ಲೇಬರ್ ಬಂದಿಲ್ಲ. ಅರವತ್ತೆಂಟು ಸಾವಿರ ಬಾಕಿ. ಹುಡುಗರು ಊರಿಗೆ ಕಳಿಸ್ಬೇಕು.” ನಾನು ಹೇಳಿದೆ, “ದುಡ್ಡೆಲ್ಲ ಅವನಿಗೆ ಕೊಟ್ಟಾಯ್ತಪ್ಪ. ಅವನನ್ನ ಕೇಳು.” ಎಲ್ಲ ಕೊಟ್ಟಿರಲಿಲ್ಲ. ಒಂದೂವರೆ ಲಕ್ಷ ನನ್ನ ಬಳಿ ಇತ್ತು; ಅದರಲ್ಲಿ ಹಿಂಜು, ಚಾನೆಲ್ಲು, ಗ್ರಾನೈಟು, ಎಲೆಕ್ಟ್ರಿಷಿಯನ್ ಎಲ್ಲ ಆಗಬೇಕಿತ್ತು. ಅವನು ಎರಡು ದಿನ ಕಾದ. ಮೂರನೆಯ ದಿನ, ಶುಕ್ರವಾರ ಸಂಜೆ, ಬೇರೆ ಕಡೆ ಕೆಲಸಕ್ಕೆ ಹೊರಟ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾವ ಸಾಮಾನು ಹೊರಗೆ ಹೋಗಬೇಕಾದರೂ ಗೇಟ್ ಪಾಸಿಗೆ ಮಾಲೀಕರ ಸಹಿ ಬೇಕು. ಗೇಟಿನಿಂದ ಸೆಕ್ಯೂರಿಟಿಯವರು ಫೋನ್ ಮಾಡಿದರು. “ಬಿಡಬೇಡಿ” ಅಂದೆ.

ಕರಗಸ, ಉಳಿಗಳು, ಕೀಸುಳಿ, ಡ್ರಿಲ್ ಮಷಿನ್, ಕಟ್ಟರ್. ಅವನ ಹೊಟ್ಟೆಪಾಡೆಲ್ಲ ಎರಡು ಗೋಣಿಚೀಲದಲ್ಲಿತ್ತು. ಅಡುಗೆಮನೆಯ ಬಾಗಿಲುಗಳನ್ನು ಕೂರಿಸಿಕೊಟ್ಟು ಹೋಗು, ಆಮೇಲೆ ಸಹಿ ಹಾಕುತ್ತೇನೆ ಎಂದೆ. ಅವನೂ ಅವನ ಹುಡುಗರೂ ಎರಡು ರಾತ್ರಿ ಅಲ್ಲೇ ಇದ್ದು ಹದಿನಾಲ್ಕು ಬಾಗಿಲು ಕೂರಿಸಿದರು. ಅದರಲ್ಲಿ ಒಂದೂ ಇವತ್ತಿನವರೆಗೆ ಜೋತುಬಿದ್ದಿಲ್ಲ. ಭಾನುವಾರ ಸಂಜೆ ಸಹಿ ಹಾಕಿದೆ. ಕೈಗೆ 30,000 ಕೊಟ್ಟೆ. ಉಳಿದದ್ದನ್ನು ಆಮೇಲೆ ನೋಡೋಣ ಎಂದೆ. ಅವನು ಎಣಿಸಲಿಲ್ಲ, ಜೇಬಿಗೆ ಹಾಕಿಕೊಂಡು ಹೋದ.

ಆ ಎರಡು ದಿನ ನನಗೆ ತಪ್ಪು ಮಾಡುತ್ತಿದ್ದೇನೆ ಅನ್ನಿಸಿರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಮೋಸಹೋದವನಿಗೆ ತನ್ನದೇ ಒಂದು ಪರವಾನಗಿ ಸಿಕ್ಕಂತೆ ಆಗಿರುತ್ತದೆ. ಇನ್ನು ಮೇಲೆ ಹುಷಾರಾಗಿರಬೇಕು ಎಂದು ಹಲ್ಲು ಕಚ್ಚುತ್ತೇವೆ. ಆ ಹುಷಾರುತನ ಮೋಸ ಮಾಡಿದವನನ್ನು ಮುಟ್ಟುವುದೇ ಇಲ್ಲ, ಅವನು ಆಗಲೇ ಹೋಗಿರುತ್ತಾನೆ. ಅದು ಬೀಳುವುದು ಕೈಗೆ ಸಿಕ್ಕವನ ಮೇಲೆ. ಇವನೂ ಅವನ ಜೊತೆ ಶಾಮೀಲಿರಬಹುದು ಎಂದು ಆಗ ಹೆಂಡತಿಯ ಹತ್ತಿರ ಹೇಳಿದ್ದೆ. ಯಾವ ಆಧಾರದ ಮೇಲೆ? ಬಂದು ದುಡ್ಡು ಕೇಳಿದ ಎಂಬ ಆಧಾರದ ಮೇಲೆ. ಡಿಸೈನರನಲ್ಲಿ ಐದಾರು ಲಕ್ಷಣ ಕಂಡೂ ನಂಬಿದೆ, ಬಡಗಿಯಲ್ಲಿ ಒಂದೂ ಕಾಣದೆ ಶಂಕಿಸಿದೆ. ಒಬ್ಬನು ಇಂಗ್ಲಿಷ್ ಮಾತಾಡುತ್ತಿದ್ದ, ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು. ಇನ್ನೊಬ್ಬನ ಮೈಯಲ್ಲಿ ಮರದ ಹುಡಿ ಇತ್ತು.

ನಾನು ಅವನಿಗೆ ಕೊಡಬೇಕಿತ್ತೇ ಎಂಬುದನ್ನು ವಕೀಲನಾದ ಗೆಳೆಯನ ಜೊತೆ ಒಂದು ಸಲ ಚರ್ಚಿಸಿದೆ. ನಿನ್ನ ಒಪ್ಪಂದ ಡಿಸೈನರ್ ಜೊತೆ, ಬಡಗಿಯ ಒಪ್ಪಂದವೂ ಡಿಸೈನರ್ ಜೊತೆ, ನಿಮ್ಮಿಬ್ಬರ ನಡುವೆ ಏನೂ ಇಲ್ಲ, ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಯಾಕೆ ಕೊಡಬೇಕು ಅಂದ. ಕೇಳಲು ಸಮಾಧಾನವಾಯಿತು. ರಾತ್ರಿ ಅಡುಗೆಮನೆಗೆ ನೀರು ಕುಡಿಯಲು ಹೋದರೆ ಆ ಸಮಾಧಾನ ನಿಲ್ಲುವುದಿಲ್ಲ. ‘ನಮ್ಮಿಬ್ಬರ ನಡುವೆ ಏನೂ ಇಲ್ಲ’ ಎನ್ನುವ ಮಾತು ಬರಬೇಕಾದರೆ ಬಾಗಿಲು ತೆಗೆಯದೆ ಇರಬೇಕು. ಅದೂ ಅಲ್ಲದೆ, ನಾನು ಎರಡು ಸಲ ಕೊಟ್ಟೆನೋ ಒಂದು ಸಲ ಕೊಟ್ಟೆನೋ ಎಂಬುದು ನನ್ನ ಲೆಕ್ಕ. ಅವನು ಒಂದು ಸಲವೂ ಪೂರ್ತಿ ಪಡೆಯಲಿಲ್ಲ ಎಂಬುದು ಅವನದು. ಎರಡೂ ಲೆಕ್ಕ ಏಕಕಾಲಕ್ಕೆ ನಿಜ. ನಷ್ಟವನ್ನು ಯಾರು ಹೊರಬೇಕು ಎಂದು ಬಂದಾಗ ಹೊರಲು ಶಕ್ತಿಯಿದ್ದವನು ಗೇಟಿಗೆ ಫೋನ್ ಮಾಡಿದ, ಅಷ್ಟೆ. ಅಜ್ಜನ ಕಾಲದ ಆಚಾರಿಯ ಜುಟ್ಟು ನನ್ನ ಕೈಗೆ ಗೇಟ್ ಪಾಸಾಗಿ ಬಂದಿತ್ತು.

ಹಾಗಾದರೆ ಹುಷಾರಾಗಿರಬಾರದೇ? ಇರಬೇಕು. ಹಾಳೆಯ ಮೇಲಿನ ಮುದ್ರೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು, ಬಿಲ್ಲು ಕೇಳಬೇಕು. ಹಾಗೆ ಕೇಳುವುದು ಅವಮಾನವಲ್ಲ. ನೆಟ್ಟಗಿರುವ ಡಿಸೈನರಿಗೆ ಅದರಿಂದ ನೆಮ್ಮದಿಯೇ. ನನ್ನ ತಕರಾರು ಪಟ್ಟಿಯ ಮುಖ ಎತ್ತ ಕಡೆಗಿದೆ ಎಂಬುದರ ಬಗ್ಗೆ. ರೋಗವಿರುವುದು ಎದುರಿನವನಲ್ಲಿ, ನಾನು ಪರೀಕ್ಷಿಸುವವನು ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಮೊನ್ನೆ ಅವಳೇ ಮತ್ತೆ ಫೋನು ಮಾಡಿದಳು. ಒಬ್ಬಾಕೆಯನ್ನು ನೋಡಿದ್ದಾರಂತೆ. ಫ್ರಿಜ್ಜಿನ ಮೇಲೆ ಲಾಫ್ಟ್ ಬೇಡ, ನಿಮ್ಮ ಎತ್ತರಕ್ಕೆ ಕೈಗೆಟುಕಲ್ಲ ಅಂದರಂತೆ. ಇಬ್ಬರಲ್ಲಿ ಯಾರಾದರೂ ಎಡಗೈಯವರಾ ಎಂದು ಕೇಳಿದರಂತೆ. ಡ್ರಾಯಿಂಗಿಗೆ ಬೇರೆ ಫೀಸು, ಅದಕ್ಕೂ ಬಿಲ್ಲಂತೆ. “ಒಳ್ಳೇ ಲಕ್ಷಣ ತಾನೇ ಮಾವ?”

“ಒಳ್ಳೇದೇ ಕಣೇ. ಒಂದು ಕೇಳು. ಬಡಗಿಗಳಿಗೆ ದುಡ್ಡು ಯಾರು ಕೊಡ್ತಾರೆ, ಯಾವಾಗ ಕೊಡ್ತಾರೆ, ಅವರು ಎಲ್ಲಿ ಮಲಗ್ತಾರೆ ಅಂತ ಅವರನ್ನ ಕೇಳು.”

“ಅದನ್ನ ನಾನ್ಯಾಕೆ ಕೇಳ್ಲಿ? ಅದು ಅವರವರ ವ್ಯವಹಾರ ಅಲ್ವಾ?”

ಗೇಟ್ ಪಾಸಿನ ಕಥೆ ಹೇಳಿದೆ. ಮನೆಯಿಂದಾಚೆ ಯಾರಿಗೂ ಹೇಳಿರಲಿಲ್ಲ. ಅವಳು ಮಧ್ಯೆ ಮಾತಾಡಲಿಲ್ಲ. ಮುಗಿದ ಮೇಲೂ ಸ್ವಲ್ಪ ಹೊತ್ತು ಆ ಕಡೆಯಿಂದ ಟ್ರಾಫಿಕ್ಕಿನ ಸದ್ದು ಮಾತ್ರ ಕೇಳುತ್ತಿತ್ತು.

“ಮಿಕ್ಕ ಮೂವತ್ತೆಂಟು ಸಾವಿರ ಆಮೇಲೆ ಕೊಟ್ರಾ ಮಾವ?”

“ಇಲ್ಲ” ಅಂದೆ.